ತಾಜ್‌ಮಹಲ್, ಆಗ್ರಾ ಕೋಟೆ ಮತ್ತು ಆನೆಗಳ ಆಶ್ರಯಧಾಮ: ಒಂದು ದಿನದ ಪ್ರವಾಸದ ಜಮಾ-ಖರ್ಚು

ದೆಹಲಿಯಿಂದ ಬೆಳಗಿನ ಜಾವ ಹೊರಟು, ಆಗ್ರಾದ ತಾಜ್‌ಮಹಲ್ ಹಾಗೂ ಕೋಟೆಯನ್ನು ನೋಡಿಕೊಂಡು ರಾತ್ರಿಯೊಳಗೆ ದೆಹಲಿಗೆ ಮರಳುವ ಒಂದು ದಿನದ ಪ್ರವಾಸವು ಭಾರತೀಯ ಪ್ರವಾಸೋದ್ಯಮದ ಹಳೆಯ ಸರಕುಗಳಲ್ಲೊಂದು. ಸಮ್ಮೇಳನಕ್ಕೋ ವ್ಯಾಪಾರ ಮೇಳಕ್ಕೋ ರಾಜಧಾನಿಗೆ ಬಂದ ಉದ್ಯಮಿಯು ಉಳಿದ ಒಂದು ದಿನವನ್ನು ಇದಕ್ಕೆ ವಿನಿಯೋಗಿಸುವುದು ವಾಡಿಕೆ. ಕಳೆದ ಕೆಲವು ವರ್ಷಗಳಿಂದ ಈ ಸರಕಿಗೆ ಹೊಸದೊಂದು ಸೇರ್ಪಡೆಯಾಗಿದೆ. ಆಗ್ರಾ-ಮಥುರಾ ಹೆದ್ದಾರಿಯ ಸಮೀಪ, ಮಥುರಾ ಜಿಲ್ಲೆಯ ಚುರ್ಮುರಾ ಎಂಬ ಹಳ್ಳಿಯಲ್ಲಿ, ವೈಲ್ಡ್‌ಲೈಫ್ ಎಸ್‌ಒಎಸ್ ಎಂಬ ಸ್ವಯಂಸೇವಾ ಸಂಸ್ಥೆಯು 2010ರಲ್ಲಿ ಸ್ಥಾಪಿಸಿದ ಆನೆಗಳ ಸಂರಕ್ಷಣಾ ಮತ್ತು ಆರೈಕೆ ಕೇಂದ್ರವೇ ಅದು. ಬೀದಿಯಲ್ಲಿ ಭಿಕ್ಷೆ ಎತ್ತಿದ, ಸರ್ಕಸ್ಸಿನಲ್ಲಿ ಕುಣಿದ, ಮದುವೆಯ ಮೆರವಣಿಗೆಗಳಿಗೆ ಬಾಡಿಗೆಗೆ ಹೋದ, ಪ್ರವಾಸಿಗರನ್ನು ಬೆನ್ನ ಮೇಲೆ ಹೊತ್ತ ಆನೆಗಳು ಇಲ್ಲಿ ತಮ್ಮ ಕೊನೆಯ ವರ್ಷಗಳನ್ನು ಕಳೆಯುತ್ತವೆ. ಬೆಳಿಗ್ಗೆ ತಾಜ್, ಮಧ್ಯಾಹ್ನ ಆನೆ ಎಂಬ ಜೋಡಿ ಪ್ರವಾಸವನ್ನು ಈಗ ಹಲವು ಪ್ರವಾಸಿ ಸಂಸ್ಥೆಗಳು ಮಾರುತ್ತಿವೆ.

ಹೊರನೋಟಕ್ಕೆ ಇದು ಎರಡು ಪ್ರೇಕ್ಷಣೀಯ ಸ್ಥಳಗಳನ್ನು ಒಂದು ಚೀಟಿಗೆ ಕಟ್ಟಿದ ಸಾಮಾನ್ಯ ಏರ್ಪಾಡು. ಆದರೆ ಇದರ ಲೆಕ್ಕವನ್ನು ಬಿಡಿಸಿ ನೋಡಿದಾಗ ಪ್ರವಾಸೋದ್ಯಮದಲ್ಲಿರುವವರೂ, ಅದರ ಗ್ರಾಹಕರಾದ ಇತರ ವಾಣಿಜ್ಯೋದ್ಯಮಿಗಳೂ ಯೋಚಿಸಬೇಕಾದ ಸಂಗತಿಯೊಂದು ಮುಂದೆ ಬರುತ್ತದೆ. ಪ್ರವಾಸಿಗರ ಸಂತೋಷಕ್ಕಾಗಿ ದುಡಿದು ದಣಿದ ಪ್ರಾಣಿಯ ವೃದ್ಧಾಪ್ಯದ ಖರ್ಚನ್ನು ಯಾರ ಖಾತೆಗೆ ಬರೆಯಬೇಕು ಎಂಬುದೇ ಆ ಸಂಗತಿ.

ಹದಿನಾಲ್ಕೂವರೆ ಗಂಟೆಗಳ ಹಂಚಿಕೆ

ಒಂದು ದಿನದ ಪ್ರವಾಸದಲ್ಲಿ ನಿಜವಾದ ಬಂಡವಾಳ ಹಣವಲ್ಲ, ಸಮಯ. ಬೆಳಿಗ್ಗೆ ಐದೂವರೆಗೆ ಹೊರಟು ರಾತ್ರಿ ಎಂಟಕ್ಕೆ ಮರಳುವುದಾದರೆ ಕೈಯಲ್ಲಿರುವುದು ಹದಿನಾಲ್ಕೂವರೆ ಗಂಟೆ. 2012ರ ಆಗಸ್ಟ್‌ನಲ್ಲಿ ಸಂಚಾರಕ್ಕೆ ತೆರೆದ 165 ಕಿ.ಮೀ. ಉದ್ದದ ಯಮುನಾ ಎಕ್ಸ್‌ಪ್ರೆಸ್ ಹೆದ್ದಾರಿಯು ಗ್ರೇಟರ್ ನೋಯ್ಡಾದಿಂದ ಆಗ್ರಾವರೆಗಿನ ಹಾದಿಯನ್ನು ಬಹಳಷ್ಟು ಸುಗಮಗೊಳಿಸಿದೆ. ಆದರೂ ದೆಹಲಿಯ ಹೋಟೆಲಿನ ಬಾಗಿಲಿನಿಂದ ತಾಜ್‌ಮಹಲಿನ ವಾಹನ ನಿಲ್ದಾಣ ತಲುಪಲು ಮೂರರಿಂದ ಮೂರೂವರೆ ಗಂಟೆ ಬೇಕು. ಹೋಗಿ ಬರಲು ಏಳು ಗಂಟೆ ಎಂದಿಟ್ಟುಕೊಳ್ಳಬಹುದು. ರೈಲನ್ನು ಆರಿಸುವವರಿಗೆ 2016ರ ಏಪ್ರಿಲ್‌ನಲ್ಲಿ ಆರಂಭವಾದ ಗತಿಮಾನ್ ಎಕ್ಸ್‌ಪ್ರೆಸ್ ಇದೆ. ಇದು ಹಜರತ್ ನಿಜಾಮುದ್ದೀನ್ ನಿಲ್ದಾಣದಿಂದ ಆಗ್ರಾ ಕಂಟೋನ್ಮೆಂಟಿಗೆ ಸುಮಾರು ನೂರು ನಿಮಿಷಗಳಲ್ಲಿ ತಲುಪುತ್ತದೆ. ತಾಜ್‌ಮಹಲ್ ಶುಕ್ರವಾರ ಮುಚ್ಚಿರುವುದರಿಂದ ಈ ರೈಲಿಗೂ ಶುಕ್ರವಾರ ರಜೆ. ಒಂದು ಸ್ಮಾರಕದ ವಾರದ ರಜೆಯನ್ನು ರೈಲಿನ ವೇಳಾಪಟ್ಟಿಯೇ ಅನುಸರಿಸುವುದು ಅಪರೂಪದ ಸಂಗತಿ.

ತಾಜ್‌ಮಹಲಿಗೆ ಎರಡೂವರೆ ಗಂಟೆ, ಕೋಟೆಗೆ ಒಂದೂವರೆ ಗಂಟೆ, ಊಟಕ್ಕೆ ಒಂದು ಗಂಟೆ, ಊರೊಳಗಿನ ಓಡಾಟ ಹಾಗೂ ಸರದಿ ಸಾಲುಗಳಿಗೆ ಒಂದು ಗಂಟೆ. ಇಷ್ಟನ್ನು ಪ್ರಯಾಣದ ಏಳು ಗಂಟೆಗೆ ಕೂಡಿಸಿದರೆ ಹದಿಮೂರು. ಉಳಿಯುವುದು ಒಂದೂವರೆ ಗಂಟೆ. ಸಾಂಪ್ರದಾಯಿಕ ಪ್ರವಾಸದಲ್ಲಿ ಈ ಒಂದೂವರೆ ಗಂಟೆ ಎಲ್ಲಿ ಖರ್ಚಾಗುತ್ತಿತ್ತು ಎಂಬುದು ಆಗ್ರಾಕ್ಕೆ ಹೋಗಿಬಂದ ಪ್ರತಿಯೊಬ್ಬರಿಗೂ ತಿಳಿದಿದೆ. ಅಮೃತಶಿಲೆಯ ಕೆತ್ತನೆಯ ಮಳಿಗೆ, ರತ್ನಗಂಬಳಿಯ ಮಳಿಗೆ, ಚರ್ಮದ ವಸ್ತುಗಳ ಮಳಿಗೆ, ಕೊನೆಗೆ ಪೇಠಾ ಅಂಗಡಿ. ಅಮೃತಶಿಲೆಯಲ್ಲಿ ಬಣ್ಣದ ಕಲ್ಲುಗಳನ್ನು ಕೂರಿಸುವ ಪಚ್ಚೀಕಾರಿ ಕಲೆಯು ಮೊಘಲರ ಕಾಲದಿಂದ ಉಳಿದುಬಂದಿರುವ ಶ್ರೇಷ್ಠ ಕಸುಬು. ಅದಕ್ಕೆ ಗಿರಾಕಿಗಳು ದೊರೆಯುವುದು ಸಂತೋಷದ ವಿಷಯವೇ. ಆದರೆ ಮಳಿಗೆಯಲ್ಲಿ ಗಿರಾಕಿ ಕೊಡುವ ಬೆಲೆಯಲ್ಲಿ ಕರೆತಂದವರ ಕಮಿಷನ್ ಕೂಡ ಅಡಗಿರುತ್ತದೆ. ಎಷ್ಟೋ ಅಗ್ಗದ ಪ್ರವಾಸಗಳು ಅಗ್ಗವಾಗಿರುವುದು ಈ ಕಮಿಷನ್ನಿನ ಆಧಾರದ ಮೇಲೆಯೇ. ಪ್ರವಾಸದ ದರವನ್ನು ವೆಚ್ಚಕ್ಕಿಂತ ಕೆಳಗಿಟ್ಟು, ಕೊರತೆಯನ್ನು ಮಳಿಗೆಯ ಬಾಗಿಲಿನಲ್ಲಿ ತುಂಬಿಕೊಳ್ಳುವ ಪದ್ಧತಿ ಇದು.

ಆನೆಗಳ ಕೇಂದ್ರದ ಭೇಟಿಗೆ ಸುಮಾರು ಎರಡು ಗಂಟೆ ಬೇಕು. ಮುಂಗಡವಾಗಿ ಕಾಯ್ದಿರಿಸಿಕೊಂಡ ವೇಳೆಗೆ ಸರಿಯಾಗಿ ತಲುಪಬೇಕು. ಇದು ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಬರುವ ಸ್ಥಳವಲ್ಲ. ಮಥುರಾದ ಮೂಲಕ ಹಾದುಹೋಗುವ ಹಳೆಯ ದೆಹಲಿ ರಸ್ತೆಯನ್ನು ಹಿಡಿಯಬೇಕು. ಆದ್ದರಿಂದ ಆನೆಯನ್ನು ಸೇರಿಸಿದ ಪ್ರವಾಸದಲ್ಲಿ ಮಳಿಗೆಗೆ ಜಾಗವಿಲ್ಲ. ಎರಡರಲ್ಲೊಂದನ್ನು ಮಾತ್ರ ಆರಿಸಿಕೊಳ್ಳಲು ಸಾಧ್ಯ. ಕಮಿಷನ್ ಕೈಬಿಟ್ಟ ಸಂಸ್ಥೆಯು ವಾಹನ, ಚಾಲಕ, ಮಾರ್ಗದರ್ಶಿ, ಊಟ ಹಾಗೂ ತನ್ನ ಲಾಭವನ್ನು ಪ್ರವಾಸದ ದರದಲ್ಲೇ ಬಹಿರಂಗವಾಗಿ ತೋರಿಸಬೇಕಾಗುತ್ತದೆ. ಹೀಗಾಗಿ ಜೋಡಿ ಪ್ರವಾಸದ ದರ ಸ್ವಾಭಾವಿಕವಾಗಿ ಹೆಚ್ಚು. ಈ ಹೆಚ್ಚಳವನ್ನು ದುಬಾರಿ ಎನ್ನುವುದಕ್ಕಿಂತ ಪ್ರಾಮಾಣಿಕ ದರ ಎನ್ನುವುದು ಸೂಕ್ತ. ಇದಕ್ಕೆ ವ್ಯತಿರಿಕ್ತವಾಗಿ, ತಾಜ್, ಕೋಟೆ, ಆನೆ ಮೂರನ್ನೂ ತೋರಿಸುವುದಾಗಿ ಹೇಳಿ ದರವನ್ನು ಮಾತ್ರ ಹಳೆಯ ಮಟ್ಟದಲ್ಲೇ ಇಟ್ಟಿರುವ ಪ್ರಕಟಣೆ ಕಂಡರೆ, ಕೊರತೆ ಎಲ್ಲಿ ತುಂಬಿಕೊಳ್ಳುತ್ತದೆ ಎಂದು ಕೇಳುವುದು ಗ್ರಾಹಕನ ಹಕ್ಕು.

ಸ್ಮಾರಕಗಳಲ್ಲಿರುವ ಆನೆ

ಈ ಜೋಡಣೆ ಕೃತಕವೆಂದು ಭಾವಿಸಬೇಕಿಲ್ಲ. ಆಗ್ರಾದ ಇತಿಹಾಸದಲ್ಲಿ ಆನೆಗೆ ಕಲ್ಲಿನಷ್ಟೇ ಸ್ಥಾನವಿದೆ. ಅಕ್ಬರನು 1565ರಲ್ಲಿ ಕಟ್ಟಿಸಲಾರಂಭಿಸಿದ ಕೆಂಪು ಮರಳುಗಲ್ಲಿನ ಕೋಟೆಯ ದೆಹಲಿ ದ್ವಾರದ ಒಳಬಾಗಿಲಿಗೆ ಹಾಥಿ ಪೋಲ್, ಅಂದರೆ ಆನೆ ಬಾಗಿಲು ಎಂದೇ ಹೆಸರು. ಸವಾರರ ಸಹಿತ ಎರಡು ಕಲ್ಲಿನ ಆನೆಗಳು ಅಲ್ಲಿ ಇಕ್ಕೆಲಗಳಲ್ಲಿ ನಿಂತಿದ್ದವು. ಕೋಟೆಯ ಆ ಭಾಗ ಇಂದು ಸೇನೆಯ ವಶದಲ್ಲಿರುವುದರಿಂದ ಪ್ರವಾಸಿಗರು ಅಮರಸಿಂಗ್ ದ್ವಾರದಿಂದ ಪ್ರವೇಶಿಸುತ್ತಾರೆ. ಫತೇಪುರ್ ಸಿಕ್ರಿಯಲ್ಲಿ ಮೈತುಂಬ ಕಲ್ಲಿನ ದಂತಗಳನ್ನು ಹೊತ್ತು ನಿಂತಿರುವ ಹಿರನ್ ಮಿನಾರ್ ಅಕ್ಬರನ ಮೆಚ್ಚಿನ ಆನೆಯ ಸ್ಮಾರಕವೆಂಬ ಪ್ರತೀತಿಯಿದೆ.

1561ರಲ್ಲಿ ಹದಿಹರೆಯ ಕಳೆಯದ ಅಕ್ಬರನು ಹವಾಯಿ ಎಂಬ ಮದ್ದಾನೆಯನ್ನೇರಿ, ಇನ್ನೊಂದು ಆನೆಯನ್ನು ಬೆನ್ನಟ್ಟಿ, ಯಮುನೆಯ ಮೇಲಿನ ದೋಣಿಸೇತುವೆಯನ್ನು ದಾಟಿದ ಪ್ರಸಂಗವು ಅಕ್ಬರ್‌ನಾಮಾದ ಪ್ರಸಿದ್ಧ ಚಿತ್ರಗಳಲ್ಲೊಂದಾಗಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಆನೆಗಳ ಭಾರಕ್ಕೆ ದೋಣಿಗಳು ಮುಳುಗುತ್ತಿರುವುದನ್ನೂ, ಜನ ನೀರಿಗೆ ಹಾರುತ್ತಿರುವುದನ್ನೂ ಚಿತ್ರಕಾರರು ಬಿಟ್ಟಿಲ್ಲ. 1633ರಲ್ಲಿ ಅದೇ ನದಿಯ ದಂಡೆಯಲ್ಲಿ ಷಹಜಹಾನನು ಏರ್ಪಡಿಸಿದ್ದ ಆನೆಗಳ ಕಾಳಗದಲ್ಲಿ, ಸುಧಾಕರ ಎಂಬ ಆನೆಯು ಹದಿನಾಲ್ಕು ವರ್ಷದ ರಾಜಕುಮಾರ ಔರಂಗಜೇಬನ ಮೇಲೆ ನುಗ್ಗಿದಾಗ ಬಾಲಕನು ಕದಲದೆ ನಿಂತು ಭರ್ಜಿಯಿಂದ ಎದುರಿಸಿದನೆಂದು ಚರಿತ್ರೆ ಹೇಳುತ್ತದೆ. ತಾಜ್‌ಮಹಲಿನ ಕೆಲಸ ಆರಂಭವಾಗಿ ಆಗ ಒಂದೇ ವರ್ಷವಾಗಿತ್ತು. ತಾಜ್‌ಗೆ ಸಾವಿರ ಆನೆಗಳು ಅಮೃತಶಿಲೆ ಹೊತ್ತು ತಂದವೆಂದು ಮಾರ್ಗದರ್ಶಿಗಳು ಹೇಳುವ ಮಾತನ್ನು ಮಾತ್ರ ದಂತಕಥೆಯ ಖಾತೆಗೆ ಹಾಕುವುದು ಮೇಲು. ಆಮೇರಿನ ರಾಜಾ ಜೈಸಿಂಗನಿಗೆ ಷಹಜಹಾನನು ಕಳುಹಿಸಿದ ಫರ್ಮಾನುಗಳಲ್ಲಿ ಕಾಣುವುದು ಮಕ್ರಾನಾದ ಕಲ್ಲು ಸಾಗಿಸಲು ಬಾಡಿಗೆ ಗಾಡಿಗಳ ಬೇಡಿಕೆ.

ಲೆಕ್ಕಪತ್ರಗಳ ಅಭ್ಯಾಸವಿರುವವರಿಗೆ ಇವೆಲ್ಲಕ್ಕಿಂತ ಸ್ವಾರಸ್ಯವೆನಿಸುವುದು ಅಬುಲ್ ಫಜಲನ ಐನ್-ಇ-ಅಕ್ಬರಿ. ಸಾಮ್ರಾಜ್ಯದ ಆಡಳಿತದ ಕೈಪಿಡಿಯಂತಿರುವ ಈ ಗ್ರಂಥದಲ್ಲಿ ಆನೆಲಾಯಕ್ಕೆ ಪ್ರತ್ಯೇಕ ಅಧ್ಯಾಯಗಳಿವೆ. ಆನೆಗಳನ್ನು ಏಳು ವರ್ಗಗಳಾಗಿ ವಿಂಗಡಿಸಿ, ಪ್ರತಿ ವರ್ಗಕ್ಕೂ ದಿನದ ಆಹಾರದ ಪ್ರಮಾಣವನ್ನೂ, ನೇಮಿಸಬೇಕಾದ ಆಳುಗಳ ಸಂಖ್ಯೆಯನ್ನೂ, ಅವರ ಸಂಬಳವನ್ನೂ ನಿಗದಿಪಡಿಸಲಾಗಿದೆ. ದಂಡದ ನಿಯಮಗಳೂ ಇವೆ. ಬಾದಶಹನ ಖಾಸಾ ಆನೆ ಸತ್ತರೆ ನೋಡಿಕೊಳ್ಳುವ ಆಳುಗಳಿಗೆ ಮೂರು ತಿಂಗಳ ಸಂಬಳದ ದಂಡ. ಹೆಣ್ಣಾನೆಯು ಹಸಿವಿನಿಂದಲೋ ನಿರ್ಲಕ್ಷ್ಯದಿಂದಲೋ ಸತ್ತರೆ ಆನೆಯ ಬೆಲೆಯನ್ನೇ ತೆರಬೇಕು. ದಂಡವು ಬಡ ಆಳಿನ ಮೇಲೆ ಬೀಳುತ್ತಿತ್ತೆಂಬುದು ನಿಜ. ಆದರೂ ಆನೆಯ ಹಸಿವನ್ನು ಒಂದು ಲೆಕ್ಕದ ಬಾಬ್ತಾಗಿ ನಾಲ್ಕು ಶತಮಾನಗಳ ಹಿಂದೆಯೇ ಬರೆದಿಡಲಾಗಿತ್ತು ಎಂಬುದು ಗಮನಾರ್ಹ.

ತೆರಿಗೆ ಕಾಯ್ದೆಯ ಒಂದು ಉಪವಾಕ್ಯ

ಇದರೊಂದಿಗೆ ಆಧುನಿಕ ಕಾನೂನಿನ ಒಂದು ಉಪವಾಕ್ಯವನ್ನು ಹೋಲಿಸಬಹುದು. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ (ಅದರ ಸ್ಥಾನಕ್ಕೆ ಈಗ 2025ರ ಕಾಯ್ದೆ ಬಂದಿದೆ) ಜಾನುವಾರುಗಳನ್ನು ಯಂತ್ರ-ಸ್ಥಾವರ ಎಂಬ ವ್ಯಾಖ್ಯೆಯಿಂದ ಹೊರಗಿಡಲಾಗಿತ್ತು. ಅವುಗಳಿಗೆ ವರ್ಷವರ್ಷ ಸವಕಳಿ ಇರಲಿಲ್ಲ. ಬದಲಿಗೆ 36ನೇ ಕಲಮಿನ ಒಂದು ಉಪವಾಕ್ಯದ ಪ್ರಕಾರ, ವ್ಯಾಪಾರಕ್ಕಾಗಿ ಬಳಸಿದ ಪ್ರಾಣಿಯು ಸತ್ತಾಗ ಅಥವಾ ಆ ಕೆಲಸಕ್ಕೆ ಶಾಶ್ವತವಾಗಿ ನಿರುಪಯುಕ್ತವಾದಾಗ, ಅದನ್ನು ಕೊಂಡ ಬೆಲೆಯಿಂದ ಅದರ ಕಳೇಬರಕ್ಕೋ ಪ್ರಾಣಿಗೋ ಬಂದ ಹಣವನ್ನು ಕಳೆದು, ಉಳಿದುದನ್ನು ನಷ್ಟವೆಂದು ಖರ್ಚು ಹಾಕಿಕೊಳ್ಳಲು ಅವಕಾಶವಿತ್ತು.

ಕಾನೂನಿನ ದೃಷ್ಟಿಯಿಂದ ಇದರಲ್ಲಿ ದೋಷವಿಲ್ಲ. ಎತ್ತು, ಕುದುರೆ, ಕತ್ತೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿಸಿದ ನಿಯಮವಿದು. ಆದರೆ ಆನೆಯ ವಿಷಯದಲ್ಲಿ ಈ ವಾಕ್ಯವನ್ನು ಓದಿದರೆ ಮನಸ್ಸು ಕ್ಷಣಕಾಲ ನಿಲ್ಲುತ್ತದೆ. ಆನೆಯ ಆಯುಸ್ಸು ಅರವತ್ತು, ಎಪ್ಪತ್ತು ವರ್ಷ. ಗಟ್ಟಿ ಡಾಂಬರಿನ ಮೇಲೆ ವರ್ಷಾನುಗಟ್ಟಲೆ ನಡೆದು ಪಾದಗಳು ಕೀವುಗಟ್ಟಿ, ಕೀಲುಗಳು ಸವೆದು, ಅಂಕುಶದ ಗಾಯಗಳು ವ್ರಣವಾಗಿ, ಕಣ್ಣು ಮಂಜಾಗಿ ಐವತ್ತನೆಯ ವಯಸ್ಸಿಗೆ ಅದು ದುಡಿಮೆಗೆ ನಿರುಪಯುಕ್ತವಾಯಿತೆಂದರೆ, ಮುಂದೆ ಇನ್ನೂ ಹತ್ತಾರು ವರ್ಷ ಅದು ಬದುಕಿರುತ್ತದೆ. ಒಡೆಯನ ಪುಸ್ತಕದಲ್ಲಿ ಆ ಖಾತೆ ಮುಕ್ತಾಯವಾಗಿರುತ್ತದೆ. ಆನೆ ಮಾತ್ರ ಮುಕ್ತಾಯವಾಗಿರುವುದಿಲ್ಲ. ಮಾರಲು ದಾರಿಯಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವ ಆನೆಯ ಮಾರಾಟ ನಿಷಿದ್ಧ. ಆದರೆ 2022ರ ತಿದ್ದುಪಡಿಯು ಧಾರ್ಮಿಕ ಅಥವಾ ಇತರ ಉದ್ದೇಶಕ್ಕೆ, ಮಾಲೀಕತ್ವದ ಪ್ರಮಾಣಪತ್ರವಿರುವ ಸಾಕಾನೆಯ ಹಸ್ತಾಂತರಕ್ಕೆ ಅವಕಾಶ ನೀಡಿದೆ. 2024ರಲ್ಲಿ ಅದರ ನಿಯಮಗಳೂ ಬಂದವು. 2019ರಲ್ಲಿ ಕೇಂದ್ರ ಸರ್ಕಾರ ನೀಡಿದ ಮಾಹಿತಿಯಂತೆ ದೇಶದಲ್ಲಿ 2,675 ಸಾಕಾನೆಗಳಿದ್ದವು. ಇವುಗಳಲ್ಲಿ 1,821 ಖಾಸಗಿಯವರ ಬಳಿಯಲ್ಲಿದ್ದವು.

ವಯಸ್ಕ ಆನೆಯೊಂದಕ್ಕೆ ದಿನಕ್ಕೆ 150 ಕಿಲೋ ಮೇವು ಎಂದು ಹಿಡಿದರೂ ವರ್ಷಕ್ಕೆ ಸುಮಾರು 55 ಟನ್ ಆಗುತ್ತದೆ. ಹದಿನೈದು ವರ್ಷಕ್ಕೆ 820 ಟನ್. ಜೊತೆಗೆ ಮಾವುತನ ಸಂಬಳ, ವೈದ್ಯ, ಔಷಧಿ, ನೀರು, ಜಾಗ. ಆದಾಯದ ಕಡೆ ಸೊನ್ನೆ. ಇಂತಹ ಹೊಣೆಯನ್ನು ಭವಿಷ್ಯದ ಬಾಧ್ಯತೆಯೆಂದು ದುಡಿಮೆಯ ಕಾಲದಲ್ಲೇ ತೆಗೆದಿಡುವ ಪದ್ಧತಿ ಯಾವ ಆನೆ ಮಾಲೀಕನ ಲೆಕ್ಕದಲ್ಲೂ ಕಾಣುವುದು ಕಷ್ಟ. ಕಾರ್ಖಾನೆಯ ಕಾರ್ಮಿಕನಿಗೆ ಭವಿಷ್ಯನಿಧಿಯಿದೆ, ಗ್ರಾಚ್ಯುಟಿಯಿದೆ. ಅದಕ್ಕೆ ಪ್ರತಿ ವರ್ಷ ಅವಕಾಶ ಕಲ್ಪಿಸದಿದ್ದರೆ ಲೆಕ್ಕಪರಿಶೋಧಕರು ಆಕ್ಷೇಪಿಸುತ್ತಾರೆ. ಪ್ರವಾಸಿಗರನ್ನು ಹೊತ್ತು ಬೆಟ್ಟ ಹತ್ತಿದ ಆನೆಯ ಸವಾರಿ ದರದಲ್ಲಿ ಅದರ ಮುಪ್ಪಿನ ಪಾಲು ಎಂದೂ ಸೇರಿರಲಿಲ್ಲ.

ಚುರ್ಮುರಾದಲ್ಲಿ ಕಾಣುವುದು

ಮಥುರಾ ಕೇಂದ್ರದ ಸ್ವರೂಪ ಅರ್ಥವಾಗುವುದು ಈ ಹಿನ್ನೆಲೆಯಲ್ಲಿ. ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆಯನ್ನು 1995ರಲ್ಲಿ ಕಾರ್ತಿಕ್ ಸತ್ಯನಾರಾಯಣ್ ಮತ್ತು ಗೀತಾ ಶೇಷಮಣಿ ಸ್ಥಾಪಿಸಿದರು. ಕರಡಿ ಕುಣಿಸುವ ಪದ್ಧತಿಯನ್ನು ಕೊನೆಗಾಣಿಸುವುದರಲ್ಲಿ ಈ ಸಂಸ್ಥೆಯ ಹೆಸರು ಮೊದಲು ಪರಿಚಿತವಾಯಿತು. ಆಗ್ರಾ ಬಳಿಯ ಕೀಠಮ್ ಸರೋವರದ ಪಕ್ಷಿಧಾಮದಲ್ಲಿ ಅದರ ಕರಡಿಗಳ ಕೇಂದ್ರವಿದೆ. ಬೆಂಗಳೂರಿನ ಬನ್ನೇರುಘಟ್ಟದಲ್ಲಿಯೂ ಇಂತಹದೊಂದು ಕೇಂದ್ರವಿರುವುದನ್ನು ಕರ್ನಾಟಕದ ಓದುಗರು ಬಲ್ಲರು. ಕರಡಿಗಳನ್ನು ಬಿಡಿಸಿಕೊಂಡಾಗ, ಅವುಗಳನ್ನೇ ನಂಬಿದ್ದ ಕಲಂದರ್ ಕುಟುಂಬಗಳಿಗೆ ಬೇರೆ ಕಸುಬಿನ ಆಸರೆಯನ್ನೂ, ಮಕ್ಕಳಿಗೆ ಶಾಲೆಯನ್ನೂ ಕಲ್ಪಿಸುವ ಯತ್ನವಾಯಿತು. ಪ್ರಾಣಿಯ ಬಿಡುಗಡೆಯು ಮನುಷ್ಯನ ಜೀವನೋಪಾಯದ ಪ್ರಶ್ನೆಯೂ ಹೌದೆಂಬುದನ್ನು ಮರೆಯದ ಕ್ರಮವಿದು.

ಚುರ್ಮುರಾದ ಆನೆಗಳಲ್ಲಿ ಹೆಚ್ಚು ಪ್ರಚಾರ ಪಡೆದದ್ದು ರಾಜು. ಉತ್ತರ ಪ್ರದೇಶದ ಬೀದಿಗಳಲ್ಲಿ ಭಿಕ್ಷೆಗೆ ಬಳಸಲಾಗುತ್ತಿದ್ದ, ಕಾಲಿಗೆ ಮುಳ್ಳಿನ ಸರಪಳಿ ಬಿಗಿಸಿದ್ದ ಈ ಆನೆಯನ್ನು 2014ರ ಜುಲೈನಲ್ಲಿ ಬಿಡಿಸಿ ಇಲ್ಲಿಗೆ ತರಲಾಯಿತು. ಆ ರಾತ್ರಿ ಅದರ ಕಣ್ಣಿನಿಂದ ನೀರು ಹರಿದ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಆನೆ ಅತ್ತಿತೋ, ಕಣ್ಣಿನ ನೀರು ಸುಮ್ಮನೆ ಹರಿಯಿತೋ ಎಂಬ ಚರ್ಚೆ ಪ್ರಾಣಿಶಾಸ್ತ್ರಜ್ಞರಿಗೆ ಬಿಟ್ಟದ್ದು, ಸರಪಳಿಯಂತೂ ಸುಳ್ಳಾಗಿರಲಿಲ್ಲ. 2018ರ ನವೆಂಬರ್‌ನಲ್ಲಿ ಇಲ್ಲಿಯೇ ದೇಶದ ಮೊದಲ ಆನೆ ಆಸ್ಪತ್ರೆ ಆರಂಭವಾಯಿತು. ಡಿಜಿಟಲ್ ಎಕ್ಸ್-ರೇ, ಅಲ್ಟ್ರಾಸೌಂಡ್, ಉಷ್ಣಚಿತ್ರಣ, ಲೇಸರ್ ಚಿಕಿತ್ಸೆ ಮುಂತಾದ ಸೌಲಭ್ಯಗಳಿದ್ದು, ಆನೆಯನ್ನು ತೂಗುವ ತಕ್ಕಡಿಯೂ, ಕೀಲುನೋವಿನ ಆನೆ ನೀರಿನಲ್ಲಿ ಭಾರ ಇಳಿಸಿ ನಿಲ್ಲಲು ಕೊಳವೂ ಇವೆ.

ಪ್ರವಾಸಿಗನಿಗೆ ಇಲ್ಲಿ ದೊರೆಯುವ ನೋಟ ಆಡಂಬರದ್ದಲ್ಲ. ಸವಾರಿಯಿಲ್ಲ, ಪ್ರದರ್ಶನವಿಲ್ಲ, ಸೊಂಡಿಲೆತ್ತಿ ಆಶೀರ್ವದಿಸುವ ಆನೆಯಿಲ್ಲ. ಅಂತರ ಕಾಯ್ದುಕೊಂಡು, ಮಾರ್ಗದರ್ಶಿ ಹೇಳುವ ಪ್ರತಿ ಆನೆಯ ಹಿಂದಿನ ಕಥೆಯನ್ನು ಕೇಳುತ್ತಾ ನಡೆಯುವುದು, ಅವು ಮೇವು ತಿನ್ನುವುದನ್ನೂ, ಮಣ್ಣು ಎರಚಿಕೊಳ್ಳುವುದನ್ನೂ, ಪಾದದ ಗಾಯಕ್ಕೆ ಆರೈಕೆ ಮಾಡಿಸಿಕೊಳ್ಳುವುದನ್ನೂ ನೋಡುವುದು, ಇಷ್ಟೇ. ತಾಜ್‌ಮಹಲಿನ ಎದುರು ಇನ್ನೂರು ಛಾಯಾಚಿತ್ರ ತೆಗೆದವನಿಗೆ ಇಲ್ಲಿ ಹತ್ತು ಸಿಕ್ಕರೆ ಹೆಚ್ಚು. ಕೆಲವರಿಗೆ ನಿರಾಸೆಯಾಗುವುದೂ ಉಂಟು. ಆದ್ದರಿಂದ ಪ್ರವಾಸವನ್ನು ಮಾರುವವರು ಏನು ಇದೆ ಎಂಬುದಕ್ಕಿಂತ ಏನು ಇಲ್ಲ ಎಂಬುದನ್ನು ಮೊದಲೇ ತಿಳಿಸುವುದು ಲೇಸು.

ಸ್ಯಾಂಕ್ಚುಯರಿ ಎಂಬ ಫಲಕ

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯಕ. ಕಾನೂನಿನಲ್ಲಿ ವನ್ಯಜೀವಿ ಅಭಯಾರಣ್ಯವೆಂದರೆ ಸರ್ಕಾರವು ಅಧಿಸೂಚನೆಯ ಮೂಲಕ ಘೋಷಿಸಿದ ಪ್ರದೇಶ. ಆದರೆ ಪ್ರವಾಸದ ಪ್ರಕಟಣೆಗಳಲ್ಲಿ ಕಾಣುವ ಎಲಿಫೆಂಟ್ ಸ್ಯಾಂಕ್ಚುಯರಿ ಎಂಬ ಹೆಸರಿಗೆ ಅಂತಹ ಕಟ್ಟುಪಾಡಿಲ್ಲ. ನಾಲ್ಕು ಆನೆಗಳನ್ನು ಸಾಕಿ, ಸವಾರಿಗೂ ಸ್ನಾನ ಮಾಡಿಸುವುದಕ್ಕೂ ಮೈಮೇಲೆ ಬಣ್ಣ ಬರೆಯುವುದಕ್ಕೂ ದರ ನಿಗದಿಪಡಿಸಿದ ಖಾಸಗಿ ಜಾಗವೂ ಅದೇ ಹೆಸರನ್ನು ತೂಗುಹಾಕಬಹುದು. ಆನೆಗಳು ಎಲ್ಲಿಂದ ಬಂದವು, ಸವಾರಿ ಇದೆಯೇ, ಮರಿಗಳನ್ನು ಪಡೆದು ಸಂಖ್ಯೆ ಬೆಳೆಸಲಾಗುತ್ತಿದೆಯೇ, ಪಶುವೈದ್ಯರು ಇದ್ದಾರೆಯೇ, ಸಂಸ್ಥೆಯ ವಾರ್ಷಿಕ ಲೆಕ್ಕ ಸಾರ್ವಜನಿಕವಾಗಿ ಲಭ್ಯವೇ ಎಂದು ವಿಚಾರಿಸಿದರೆ ಸತ್ಯ ಹೊರಬೀಳುತ್ತದೆ. ಸಾಲ ಕೊಡುವ ಮುನ್ನ ಬ್ಯಾಂಕು ಕೇಳುವಷ್ಟು ಪ್ರಶ್ನೆಗಳೂ ಬೇಕಿಲ್ಲ.

ದೆಹಲಿ, ಆಗ್ರಾ, ಜೈಪುರಗಳನ್ನು ಒಳಗೊಂಡ ಸುವರ್ಣ ತ್ರಿಕೋನದ ಪ್ರವಾಸದಲ್ಲಿ ಈ ವಿರೋಧಾಭಾಸ ಎದ್ದು ಕಾಣುತ್ತದೆ. ಎರಡನೆಯ ದಿನ ಮಥುರಾದಲ್ಲಿ ಗಾಯಗೊಂಡ ಆನೆಯನ್ನು ತೋರಿಸಿ, ಮೂರನೆಯ ದಿನ ಆಮೇರ್ ಕೋಟೆಯನ್ನು ಆನೆಯ ಮೇಲೇರಿಸಿ ಹತ್ತಿಸುವ ಕಾರ್ಯಕ್ರಮಗಳೂ ಇವೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು ಜೈಪುರದಲ್ಲಿ ಸವಾರಿಗೆ ಬಳಸುವ 102 ಆನೆಗಳ ತಪಾಸಣೆ ನಡೆಸಿದಾಗ ಹತ್ತು ಆನೆಗಳಲ್ಲಿ ಕ್ಷಯರೋಗ ಪತ್ತೆಯಾದುದು 2018ರಲ್ಲಿ ಬೆಳಕಿಗೆ ಬಂದಿತು. ಹಲವು ಆನೆಗಳಿಗೆ ದೃಷ್ಟಿದೋಷವೂ ಇತ್ತು. ಕ್ಷಯವು ಆನೆಯಿಂದ ಮನುಷ್ಯನಿಗೂ ಹರಡಬಲ್ಲ ರೋಗವಾದುದರಿಂದ ಇದು ಕರುಣೆಯ ವಿಷಯ ಮಾತ್ರವಲ್ಲ, ಗ್ರಾಹಕನ ಆರೋಗ್ಯದ ವಿಷಯವೂ ಹೌದು. ಟ್ರಿಪ್‌ಅಡ್ವೈಸರ್ ಸಂಸ್ಥೆಯು 2016ರಲ್ಲೇ ಆನೆ ಸವಾರಿಯಂತಹ ಟಿಕೆಟ್ಟುಗಳ ಮಾರಾಟವನ್ನು ನಿಲ್ಲಿಸುವುದಾಗಿ ಪ್ರಕಟಿಸಿತ್ತು. ವಿದೇಶಿ ಗ್ರಾಹಕರ ಒಲವು ಎತ್ತ ಸಾಗಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸೂಚನೆ ಬೇಕಿಲ್ಲ.

ತೆರಿಗೆ ಮತ್ತು ಸಾಮಾಜಿಕ ಹೊಣೆಗಾರಿಕೆ

ಪ್ರವಾಸಿ ಸಂಸ್ಥೆಗಳ ಸದಸ್ಯರಿಗೆ ಒಂದೆರಡು ವ್ಯಾವಹಾರಿಕ ಅಂಶಗಳು. ತಾಜ್‌ಮಹಲಿನ ಪ್ರವೇಶ ದರ ಭಾರತೀಯರಿಗೆ ರೂ. 50, ವಿದೇಶೀಯರಿಗೆ ರೂ. 1,100, ಮುಖ್ಯ ಗೋರಿಯ ವೇದಿಕೆಯನ್ನೇರಲು 2018ರ ಡಿಸೆಂಬರ್‌ನಿಂದ ಎಲ್ಲರಿಗೂ ಹೆಚ್ಚುವರಿ ರೂ. 200. ಸಂರಕ್ಷಿತ ಸ್ಮಾರಕದ ಪ್ರವೇಶಕ್ಕೆ ಸರಕು ಮತ್ತು ಸೇವಾ ತೆರಿಗೆಯ ವಿನಾಯಿತಿ ಇದೆ. ಆದರೆ ಪ್ರವಾಸಿ ಸಂಸ್ಥೆಯು ಶೇ. 5ರ ದರವನ್ನು ಆರಿಸಿಕೊಂಡಾಗ ತೆರಿಗೆ ಬೀಳುವುದು ಪ್ರವಾಸದ ಒಟ್ಟು ಮೊತ್ತದ ಮೇಲೆ. ಅಂದರೆ ಪ್ರವಾಸಿಯು ತಾನೇ ಕೊಂಡರೆ ತೆರಿಗೆಯಿಲ್ಲದ ಟಿಕೆಟ್ಟು, ಒಟ್ಟು ದರದೊಳಗೆ ಸೇರಿದೊಡನೆ ತೆರಿಗೆಗೆ ಒಳಪಡುತ್ತದೆ. ಗ್ರಾಹಕನ ಪರವಾಗಿ ಶುದ್ಧ ಪ್ರತಿನಿಧಿಯಾಗಿ ಟಿಕೆಟ್ಟು ಕೊಂಡು, ನಿಯಮಗಳಲ್ಲಿ ಹೇಳಿದಂತೆ ನಿಖರ ಮೊತ್ತವನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ತೋರಿಸಿದರೆ ಇದನ್ನು ತಪ್ಪಿಸಬಹುದು. ವಿದೇಶಿಯರ ತಂಡಗಳಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ವನ್ಯಜೀವಿ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಮೃಗಾಲಯಗಳ ಪ್ರವೇಶಕ್ಕೂ ವಿನಾಯಿತಿ ಇದೆಯಾದರೂ, ಹೆಸರಿನಲ್ಲಿ ಮಾತ್ರ ಸ್ಯಾಂಕ್ಚುಯರಿ ಎಂದಿರುವ ಖಾಸಗಿ ಜಾಗಕ್ಕೆ ಅದು ತಾನಾಗಿ ಅನ್ವಯಿಸುತ್ತದೆಂದು ಭಾವಿಸಬಾರದು.

ಇತರ ಉದ್ಯಮಗಳಿಗೆ ಸಂಬಂಧಿಸಿದ ಅಂಶ ಇನ್ನೊಂದು. 2013ರ ಕಂಪನಿಗಳ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಸಾಮಾಜಿಕ ಹೊಣೆಗಾರಿಕೆಯ ವೆಚ್ಚಕ್ಕೆ ಅರ್ಹವಾದ ಚಟುವಟಿಕೆಗಳ ಪಟ್ಟಿಯಿದೆ. ಅದರ ನಾಲ್ಕನೆಯ ಬಾಬ್ತಿನಲ್ಲಿ ಪ್ರಾಣಿ ಕಲ್ಯಾಣವೂ, ಅದರ ಮಗ್ಗುಲಿನ ಐದನೆಯದರಲ್ಲಿ ಚಾರಿತ್ರಿಕ ಕಟ್ಟಡ ಹಾಗೂ ಸ್ಥಳಗಳ ಪುನರುದ್ಧಾರವೂ ಸೇರಿವೆ. ತಾಜ್ ಮತ್ತು ಆನೆಯ ಜೋಡಿಯನ್ನು ಪ್ರವಾಸಿ ಸಂಸ್ಥೆಗಳಿಗಿಂತ ಮೊದಲೇ ಶಾಸನಸಭೆ ಅಕ್ಕಪಕ್ಕದಲ್ಲಿ ಕೂರಿಸಿತ್ತು ಎನ್ನಬಹುದು. ಇವೆರಡರಲ್ಲಿ ಸ್ಮಾರಕಕ್ಕೆ ಪೋಷಕರು ಸುಲಭವಾಗಿ ದೊರೆಯುತ್ತಾರೆ. ಫಲಕದ ಮೇಲೆ ಹೆಸರು ಉಳಿಯುತ್ತದೆ. ಮೇವಿಗೆ ಕೊಟ್ಟ ಹಣ ಸಂಜೆಯೊಳಗೆ ತಿಂದು ಮುಗಿಯುತ್ತದೆ.

ಆಗ್ರಾದ ಉದ್ಯಮಿಗಳು ಸ್ಮಾರಕದ ವೆಚ್ಚವನ್ನು ಹೊತ್ತ ಪೂರ್ವನಿದರ್ಶನವಿದೆ. 1996ರ ಡಿಸೆಂಬರ್ 30ರಂದು ಸರ್ವೋಚ್ಚ ನ್ಯಾಯಾಲಯವು ತಾಜ್ ಸುತ್ತಲಿನ 10,400 ಚದರ ಕಿ.ಮೀ. ವಲಯದಲ್ಲಿ 292 ಕೈಗಾರಿಕೆಗಳು ಕಲ್ಲಿದ್ದಲನ್ನು ಬಿಟ್ಟು ಅನಿಲಕ್ಕೆ ಬದಲಾಗಬೇಕು, ಇಲ್ಲವೇ ಸ್ಥಳಾಂತರಗೊಳ್ಳಬೇಕು ಎಂದು ಆದೇಶಿಸಿತು. ಎರಕದ ಕುಲುಮೆಗಳ ಊರಾಗಿದ್ದ ಆಗ್ರಾಕ್ಕೆ ಅದು ಭಾರಿ ಪೆಟ್ಟು. ಅಮೃತಶಿಲೆ ಹಳದಿಯಾಗುವುದರ ವೆಚ್ಚವನ್ನು ಹೊಗೆ ಬಿಟ್ಟವರ ಪುಸ್ತಕಕ್ಕೆ ಬರೆದ ತೀರ್ಪದು. ಆನೆಯ ಪಾದ ಸವೆದುದರ ವೆಚ್ಚ ಇಂದಿಗೂ ದಾನಿಗಳ ಪುಸ್ತಕದಲ್ಲಿದೆ.

ಕರ್ನಾಟಕಕ್ಕೆ ಅನ್ವಯ

ಇಂತಹ ಪ್ರವಾಸಕ್ಕೆ ಕರ್ನಾಟಕದಲ್ಲಿ ಅವಕಾಶ ಇನ್ನೂ ಹೆಚ್ಚು. 2025ರ ಅಕ್ಟೋಬರ್‌ನಲ್ಲಿ ಪ್ರಕಟವಾದ ವಂಶವಾಹಿ ಆಧಾರಿತ ಗಣತಿಯ ಪ್ರಕಾರ ದೇಶದ 22,446 ಕಾಡಾನೆಗಳಲ್ಲಿ 6,013 ಈ ರಾಜ್ಯದಲ್ಲಿವೆ. ಇದು ದೇಶದಲ್ಲೇ ಅತ್ಯಧಿಕ. ಶಿವಮೊಗ್ಗದಲ್ಲಿ ಶಿವಪ್ಪನಾಯಕನ ಅರಮನೆ, ಅಲ್ಲಿಂದ ಸುಮಾರು 14 ಕಿ.ಮೀ. ದೂರದಲ್ಲಿ ತುಂಗಾ ಹಿನ್ನೀರಿನ ದಂಡೆಯ ಸಕ್ರೆಬೈಲು ಆನೆ ಬಿಡಾರ, ಮುಂದೆ ಸಾಗರದ ಬಳಿ ಇಕ್ಕೇರಿಯ ಅಘೋರೇಶ್ವರ ಹಾಗೂ ಕೆಳದಿಯ ದೇವಾಲಯಗಳು. ಒಂದು ದಿನದೊಳಗೆ ಮುಗಿಯುವ ಹಾದಿಯಿದು. ಬಿಡಾರದ ಆನೆಗಳು ಅರಣ್ಯ ಇಲಾಖೆಯವು. ದುಡಿಮೆ ಮುಗಿದ ಮೇಲೂ ಅವುಗಳ ಹೊಣೆ ಇಲಾಖೆಯದೇ. ಖಾಸಗಿ ಆನೆಗಿಲ್ಲದ ಭದ್ರತೆ ಇವುಗಳಿಗಿದೆ. ಆದರೆ ಶಿಸ್ತಾಗಿ ಯೋಜಿಸಿದ, ಕನ್ನಡ ಬಲ್ಲ ಮಾರ್ಗದರ್ಶಿಯುಳ್ಳ ಜೋಡಿ ಪ್ರವಾಸಗಳು ಇನ್ನೂ ವಿರಳ. ದೇವಾಲಯಕ್ಕೆ ಹೋಗುವ ದಾರಿಯಲ್ಲಿ ಹದಿನೈದು ನಿಮಿಷ ನಿಲ್ಲಿಸಿ ಆನೆಯ ಪಕ್ಕ ಛಾಯಾಚಿತ್ರ ತೆಗೆಸಿಕೊಳ್ಳುವುದಕ್ಕೆ ಪ್ರವಾಸವೆನ್ನಲಾಗದು.

ಆಗ್ರಾದ ಪ್ರವಾಸ ಕೈಗೊಳ್ಳುವವರು ನವೆಂಬರ್‌ನಿಂದ ಮಾರ್ಚ್‌ವರೆಗಿನ ಅವಧಿಯನ್ನು ಆರಿಸುವುದು ಉತ್ತಮ. ಆದರೆ ಡಿಸೆಂಬರ್ ಉತ್ತರಾರ್ಧ ಹಾಗೂ ಜನವರಿಯಲ್ಲಿ ದಟ್ಟ ಮಂಜಿನಿಂದ ಎಕ್ಸ್‌ಪ್ರೆಸ್ ಹೆದ್ದಾರಿಯ ಸಂಚಾರ ನಿಧಾನವಾಗುತ್ತದೆ. ತಾಜ್ ಸಹ ಹತ್ತು ಗಂಟೆಯವರೆಗೆ ಕಾಣದಿರುವುದುಂಟು. ಅಂತಹ ದಿನಗಳಲ್ಲಿ ಕ್ರಮವನ್ನು ತಿರುಗಿಸಿ, ಮಥುರಾ ರಸ್ತೆಯಿಂದ ಹೊರಟು ಬೆಳಗಿನ ಅವಧಿಯನ್ನು ಆನೆಗಳಿಗೂ, ಮಧ್ಯಾಹ್ನದ ಬೆಳಕನ್ನು ತಾಜ್‌ಗೂ ಮೀಸಲಿಡುವುದು ಅನುಕೂಲ. ಆನೆಗಳ ಕೇಂದ್ರದ ವೇಳೆಯನ್ನು ಮೊದಲು ಕಾಯ್ದಿರಿಸಿ, ಅದಕ್ಕೆ ಹೊಂದಿಸಿ ತಾಜ್‌ಮಹಲಿನ ಟಿಕೆಟ್ಟು ಕೊಳ್ಳಬೇಕು. ಆ ಟಿಕೆಟ್ಟಿನ ಅವಧಿ ಮೂರು ಗಂಟೆ ಮಾತ್ರ.